ನೆರೆಯೂರಿನ ಎದುರಾಳಿ

‘ಕಾನ್ಫರೆನ್ಸ್’ ಎಂಬ ಮಾತಿಗೆ ನಮ್ಮ ಕಾಲೇಜಿನಲ್ಲಿ ಒಂದೇ ಅರ್ಥ. ವರ್ಷಕ್ಕೊಮ್ಮೆ ಯಾವುದೋ ವಿಭಾಗದವರು ಸಭಾಂಗಣದಲ್ಲಿ ಬ್ಯಾನರು ಕಟ್ಟುತ್ತಾರೆ; ಪರವೂರುಗಳಿಂದ ವಿದ್ವಾಂಸರು ಬರುತ್ತಾರೆ; ನಮ್ಮಂಥವರು ಹಿಂದಿನ ಬೆಂಚಿನಲ್ಲಿ ಕುಳಿತು ಊಟದ ಗಂಟೆಯನ್ನು ಕಾಯುತ್ತೇವೆ. ಆದ್ದರಿಂದ ೨೦೨೩ರ ಆಗಸ್ಟಿನಲ್ಲಿ, ಅಮೆರಿಕ ಸೇರಿ ಇನ್ನೂ ವಾರ ತುಂಬದ ನನ್ನ ಅಣ್ಣ ಫೋನು ಮಾಡಿ, ‘ಇಲ್ಲಿ ಕಾನ್ಫರೆನ್ಸು ಮುರಿದುಹೋಯಿತು ಕಣೋ. ಊರೆಲ್ಲ ಸಾವಿನ ಮನೆ ಇದ್ದ ಹಾಗಿದೆ’ ಎಂದಾಗ ನನಗೆ ಪರಮಾಶ್ಚರ್ಯವಾಯಿತು. ಒಂದು ವಿಚಾರಗೋಷ್ಠಿ ನಿಂತಿತೆಂದು ಊರಿಗೆ ಊರೇ ಅಳುವುದಾದರೆ ಆ ದೇಶದ ವಿದ್ಯಾಭಿಮಾನ ಎಂಥದಿರಬೇಕು ಎಂದುಕೊಂಡೆ. ಪಕ್ಕದಲ್ಲಿದ್ದ ಅಮ್ಮ, ‘ಕಟ್ಟಿದ ಫೀಜು ವಾಪಸು ಕೊಡುತ್ತಾರಂತೋ, ಕೇಳು’ ಎಂದಳು.

ಅಣ್ಣ ಮನಸಾರೆ ನಕ್ಕ. ಬಳಿಕ ವಿಷಯವನ್ನು ಬಿಡಿಸಿ ಹೇಳಿದ. ಅಂದಿನಿಂದ ಇಂದಿನವರೆಗೆ ನಾನು ಅದರ ಬೆನ್ನು ಬಿಟ್ಟಿಲ್ಲ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಸಾಲದ್ದಕ್ಕೆ ಕಾಲೇಜಿನ ಕಬಡ್ಡಿ ತಂಡದಲ್ಲಿ ಮೂರು ವರ್ಷದಿಂದ ಮಂಡಿ ತರಚಿಕೊಂಡವನು. ಆಟವೂ ದುಡ್ಡೂ ಒಂದೇ ಕಥೆಯಲ್ಲಿ ಸಿಕ್ಕಿದರೆ ಬಿಡುವುದುಂಟೆ? ಆದರೆ ಆ ಕಥೆ ಕೊನೆಗೆ ತಿರುಗಿ ನನ್ನ ಮೈಮೇಲೆಯೇ ಬಂದೀತೆಂದು ಆಗ ಗೊತ್ತಿರಲಿಲ್ಲ.

ಅಣ್ಣ ಇರುವ ಊರಿನ ಹೆಸರು ಪುಲ್ಮನ್. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ಸಂಸ್ಥಾನದ ಪೂರ್ವದ ಅಂಚಿನಲ್ಲಿ, ಪಲೂಸ್ ಎಂದು ಕರೆಯುವ ಗೋಧಿಯ ಗುಡ್ಡಗಳ ನಡುವೆ ಇದೆ. ಊರಿನ ಜನಸಂಖ್ಯೆ ೨೦೨೦ರ ಗಣತಿಯಂತೆ ಸುಮಾರು ೩೩,೦೦೦. ಅಲ್ಲಿಯ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಕ್ರೀಡಾಂಗಣದ ಆಸನಗಳೂ ಹತ್ತಿರ ಹತ್ತಿರ ೩೩,೦೦೦. ಊರಿನ ಹಸುಗೂಸಿನಿಂದ ಮುದುಕರವರೆಗೆ ಎಲ್ಲರನ್ನೂ ಒಮ್ಮೆಗೇ ಕೂರಿಸಬಹುದು ಎಂದಾಯಿತು. ಅಣ್ಣ ಅಲ್ಲಿಗೆ ಹೋದದ್ದು ಆಟಕ್ಕಲ್ಲ, ಗೋಧಿಯ ತಳಿಗಳ ಸಂಶೋಧನೆಗೆ. ಆ ವಿದ್ಯೆಯಲ್ಲಿ ಪುಲ್ಮನ್ನಿಗೆ ದೊಡ್ಡ ಹೆಸರು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಕೆಲಸ ಮಾಡುತ್ತಿದ್ದ ಆರ್ವಿಲ್ ವೊಗೆಲ್ ಎಂಬ ವಿಜ್ಞಾನಿ ಜಪಾನಿನ ‘ನೋರಿನ್ ೧೦’ ಎಂಬ ಗಿಡ್ಡ ತಳಿಯನ್ನು ತಮ್ಮ ನಾಡಿನ ಗೋಧಿಯೊಡನೆ ಕೂಡಿಸಿದರು. ಅದರ ಬೀಜವನ್ನು ೧೯೫೦ರ ದಶಕದ ಮೊದಲಲ್ಲಿ ಮೆಕ್ಸಿಕೋದಲ್ಲಿದ್ದ ನಾರ್ಮನ್ ಬೋರ್ಲಾಗರಿಗೆ ಕಳಿಸಿಕೊಟ್ಟರು. ಅಲ್ಲಿ ಬೆಳೆದ ತಳಿಗಳ ೧೮,೦೦೦ ಟನ್ ಬೀಜವನ್ನು ೧೯೬೬ರಲ್ಲಿ ಭಾರತ ತರಿಸಿಕೊಂಡಿತು. ಹಸಿರು ಕ್ರಾಂತಿಯ ಪಾಠದಲ್ಲಿ ನಾವೆಲ್ಲ ಓದುವ ಗೋಧಿಯ ವಂಶವೃಕ್ಷದಲ್ಲಿ ಪುಲ್ಮನ್ನಿನ ಒಂದು ಅಜ್ಜಿ ಇದ್ದಾಳೆ. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು; ಈ ಊರಿಗೆ ಬೆಲೆ ಕಟ್ಟುವ ಪ್ರಸಂಗ ಮುಂದೆ ಬರುತ್ತದೆ.

ಇನ್ನು ‘ಕಾನ್ಫರೆನ್ಸ್’ ಎಂದರೇನು? ಅಲ್ಲಿ ಆ ಮಾತಿಗೆ ಆಟದ ಕೂಟ ಎಂದರ್ಥ. ನೆರೆಹೊರೆಯ ಏಳೆಂಟು ವಿಶ್ವವಿದ್ಯಾನಿಲಯಗಳು ಸೇರಿ, ‘ನಾವು ಪ್ರತಿವರ್ಷ ನಮ್ಮ ನಮ್ಮೊಳಗೆ ಆಡೋಣ, ಒಂದೇ ನಿಯಮಕ್ಕೆ ಒಳಗಾಗೋಣ’ ಎಂದು ಮಾಡಿಕೊಂಡ ಒಪ್ಪಂದ. ಮಧ್ಯಪಶ್ಚಿಮದ ಏಳು ವಿಶ್ವವಿದ್ಯಾನಿಲಯಗಳು ೧೮೯೬ರಲ್ಲಿ ಕಟ್ಟಿದ ಕೂಟವೇ ಮುಂದೆ ‘ಬಿಗ್ ಟೆನ್’ ಎನಿಸಿತು. ಪಶ್ಚಿಮದ ಕಡಲತೀರದಲ್ಲಿ ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಆರೆಗನ್ ಮತ್ತು ಇಂದು ಆರೆಗನ್ ಸ್ಟೇಟ್ ಎನಿಸಿಕೊಂಡಿರುವ ಕೃಷಿ ಕಾಲೇಜು, ಈ ನಾಲ್ವರು ೧೯೧೫ರಲ್ಲಿ ಪೋರ್ಟ್‌ಲೆಂಡಿನ ಒಂದು ಹೋಟೆಲಿನಲ್ಲಿ ಕುಳಿತು ‘ಪೆಸಿಫಿಕ್ ಕೋಸ್ಟ್’ ಕೂಟವನ್ನು ಹುಟ್ಟಿಸಿದರು. ಪುಲ್ಮನ್ನಿನವರು ೧೯೧೭ರಲ್ಲಿ ಸೇರಿದರು. ಅದು ರೈಲಿನ ಕಾಲ. ಎದುರಾಳಿಯ ಊರು ರೈಲು ಹತ್ತಿ ಹೋಗಿ ಬರುವಷ್ಟು ಹತ್ತಿರವಿರಬೇಕು. ಕೂಟದ ಎಲ್ಲೆಯನ್ನು ಬರೆದದ್ದು ನಕಾಶೆ. ನಮ್ಮಲ್ಲಿ ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಗಳಿಗೆ ವಲಯಗಳನ್ನು ಮಾಡುವುದಿಲ್ಲವೇ, ಹಾಗೆಯೇ ಎನ್ನಿ.

ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಗೆರೆಯತ್ತ ಓಡುತ್ತಾನೆ. ಎದುರು ಪಕ್ಷದವರು ಅವನನ್ನು ಹಿಡಿದು ಕೆಡವುತ್ತಾರೆ. ಕಬಡ್ಡಿ ಆಡಿದವನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಲೇಜುಗಳ ನಡುವಣ ಇಂಥ ಮೊದಲ ಪಂದ್ಯವೆಂದು ಹೆಸರಾದದ್ದು ೧೮೬೯ರ ನವೆಂಬರ್ ೬ರಂದು ನ್ಯೂಜೆರ್ಸಿಯಲ್ಲಿ ನಡೆಯಿತು. ರಟ್ಗರ್ಸ್ ಕಾಲೇಜು ನೆರೆಯ ಪ್ರಿನ್ಸ್‌ಟನ್ನನ್ನು ೬-೪ರಿಂದ ಸೋಲಿಸಿತು. ಮೊದಲ ಪಂದ್ಯವೇ ನೆರೆಯವರ ಪಂದ್ಯ, ನೋಡಿ.

ಇಂಥ ಅಚ್ಚುಕಟ್ಟಾದ ನೆರೆಹೊರೆಗೆ ಟೆಲಿವಿಷನ್ ಬಂದಿತು. ಮೊದಮೊದಲು ಅದನ್ನು ಕಂಡರೆ ಎಲ್ಲರಿಗೂ ಭಯ. ಮನೆಯಲ್ಲೇ ಆಟ ಕಂಡರೆ ಟಿಕೆಟು ಕೊಳ್ಳುವವರಾರು? ಅದಕ್ಕೆ ಎನ್.ಸಿ.ಎ.ಎ. ಎಂಬ ಅಖಿಲ ಅಮೆರಿಕದ ಕಾಲೇಜು ಕ್ರೀಡಾಸಂಘ ೧೯೫೧ರಿಂದ ಬಿಗಿಯಾದ ಕಟ್ಟುಪಾಡು ಮಾಡಿತು. ತೋರಿಸುವ ಪಂದ್ಯಗಳಿಗೆ ಮಿತಿ. ಒಂದು ತಂಡ ಇಷ್ಟೇ ಸಲ ಕಾಣಿಸಿಕೊಳ್ಳಬೇಕೆಂಬ ಲೆಕ್ಕ. ಇದರಿಂದ ವಿಚಿತ್ರವಾದ ಸಮಾನತೆಯೂ ಹುಟ್ಟಿತು. ೧೯೮೧ರ ಒಂದು ವಾರಾಂತ್ಯದಲ್ಲಿ ಓಕ್ಲಹೋಮ ಮತ್ತು ದಕ್ಷಿಣ ಕ್ಯಾಲಿಫೋರ್ನಿಯದ ಪಂದ್ಯವನ್ನು ೨೦೦ಕ್ಕೂ ಹೆಚ್ಚು ಕೇಂದ್ರಗಳು ಪ್ರಸಾರ ಮಾಡಿದವು. ಅದೇ ವಾರ ಸಿಟಡೆಲ್ ಮತ್ತು ಅಪಲೇಷಿಯನ್ ಸ್ಟೇಟ್ ಎಂಬ ಸಣ್ಣ ಕಾಲೇಜುಗಳ ಪಂದ್ಯವನ್ನು ತೋರಿಸಿದ್ದು ನಾಲ್ಕೇ ಕೇಂದ್ರಗಳು. ನಾಲ್ಕು ತಂಡಗಳಿಗೂ ಸಿಕ್ಕ ಹಣ ಒಂದೇ!

ದೊಡ್ಡವರಿಗೆ ಸಿಟ್ಟು ಬಾರದಿರುತ್ತದೆಯೆ? ಓಕ್ಲಹೋಮ ಮತ್ತು ಜಾರ್ಜಿಯದವರು ನ್ಯಾಯಾಲಯಕ್ಕೆ ಹೋದರು. ೧೯೮೪ರ ಜೂನ್ ೨೭ರಂದು ಅಮೆರಿಕದ ಪರಮೋಚ್ಚ ನ್ಯಾಯಾಲಯ, ಏಳು ಮಂದಿ ಒಂದು ಕಡೆ ಇಬ್ಬರು ಒಂದು ಕಡೆಯಾಗಿ, ಈ ಕಟ್ಟುಪಾಡು ಪೈಪೋಟಿಯ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಭಿನ್ನಮತ ಬರೆದ ಬೈರನ್ ವೈಟ್ ತಾವೇ ಹಿಂದೆ ಕೊಲರಾಡೊ ವಿಶ್ವವಿದ್ಯಾನಿಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು. ಕಾಲೇಜಿನ ಆಟವನ್ನು ಬರಿಯ ವ್ಯಾಪಾರವೆಂದು ಎಣಿಸಿ ತೂಗಬಾರದು ಎಂಬುದು ಅವರ ವಾದದ ತಿರುಳು. ಮೈದಾನದಲ್ಲಿ ಓಡಿದ್ದವರ ಮಾತು ಸೋತಿತು. ನನಗಂತೂ ಈ ಸಂಗತಿ ಓದಿದ ದಿನ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಬೇಕೆನಿಸಿತು. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದನ್ನೂ ಒಪ್ಪಬೇಕು: ಹೆಚ್ಚು ಜನ ನೋಡಬಯಸುವ ಆಟವನ್ನು ಬಲವಂತವಾಗಿ ಮುಚ್ಚಿಡುವುದೂ ನ್ಯಾಯವಲ್ಲ. ಬಾಗಿಲು ತೆರೆದದ್ದು ತಪ್ಪಲ್ಲವೆನಿಸುತ್ತದೆ. ತೆರೆದ ಬಾಗಿಲಿನಿಂದ ಯಾರು ಯಾರು ಹೊರಟುಹೋದರೆಂಬುದೇ ಕಥೆ.

ಮೊದಲು ಮಾರಾಟ ನಡೆಯಿತು. ೧೯೯೦ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾನಿಲಯ ತನ್ನ ತವರಿನ ಪಂದ್ಯಗಳನ್ನು ತಾನೊಂದೇ ಎನ್.ಬಿ.ಸಿ. ಸಂಸ್ಥೆಗೆ ಮಾರಿತು. ಬಳಿಕ ವಲಸೆ ಹೊರಟಿತು. ಟೆಕ್ಸಸಿನವರೇ ಹೆಚ್ಚಾಗಿದ್ದ ‘ಸೌತ್‌ವೆಸ್ಟ್’ ಕೂಟ ೧೯೧೪ರಲ್ಲಿ ಹುಟ್ಟಿದ್ದು, ೧೯೯೬ರಲ್ಲಿ ಕಣ್ಣು ಮುಚ್ಚಿತು. ನಾಲ್ವರು ಉತ್ತರದ ಎಂಟು ಮಂದಿಯ ಜೊತೆ ಸೇರಿ ‘ಬಿಗ್ ಟ್ವೆಲ್ವ್’ ಆದರು, ಉಳಿದವರು ದಿಕ್ಕಿಗೊಬ್ಬರಾದರು. ೨೦೦೭ರಲ್ಲಿ ಬಿಗ್ ಟೆನ್ ತನ್ನದೇ ಟೆಲಿವಿಷನ್ ಚಾನೆಲ್ಲನ್ನು ತೆರೆಯಿತು. ಇಲ್ಲಿಂದ ಲೆಕ್ಕದ ರೀತಿಯೇ ಬೇರೆ. ಕೂಟಕ್ಕೆ ಸೇರಿದ ಸಂಸ್ಥಾನದ ಒಳಗೆ ಕೇಬಲ್ ಇರುವ ಪ್ರತಿ ಮನೆಯಿಂದಲೂ ತಿಂಗಳಿಗೆ ಇಂತಿಷ್ಟು ಹಣ ಬರುತ್ತದೆ. ಮನೆಯವರು ಆಟ ನೋಡುತ್ತಾರೋ, ಅಡಿಗೆಯ ಕಾರ್ಯಕ್ರಮ ನೋಡುತ್ತಾರೋ ಯಾರೂ ಕೇಳುವುದಿಲ್ಲ. ಹಾಗಾದರೆ ಮನೆಗಳು ಹೆಚ್ಚಿರುವ ಕಡೆ ಒಬ್ಬ ಸದಸ್ಯನಿದ್ದರೆ ಸಾಕಲ್ಲವೆ? ೨೦೧೪ರಲ್ಲಿ ಮೇರಿಲೆಂಡ್ ಮತ್ತು ರಟ್ಗರ್ಸ್ ಬಿಗ್ ಟೆನ್ ಸೇರಿದವು. ಒಂದು ರಾಜಧಾನಿ ವಾಷಿಂಗ್ಟನ್ ನಗರದ ಬಳಿ, ಇನ್ನೊಂದು ನ್ಯೂಯಾರ್ಕಿನ ಬಳಿ. ಮಧ್ಯಪಶ್ಚಿಮದ ಹೊಲಗಳಿಗೂ ಅವಕ್ಕೂ ಏನು ನಂಟು ಎಂದು ಕೇಳಿದರೆ, ನಂಟು ಕೇಬಲ್ ತಂತಿಯದು.

ಪಶ್ಚಿಮದ ಕೂಟ ಆ ಹೊತ್ತಿಗೆ ‘ಪ್ಯಾಕ್-ಟ್ವೆಲ್ವ್’ ಆಗಿತ್ತು. ಅವರೂ ೨೦೧೨ರಲ್ಲಿ ತಮ್ಮದೇ ಚಾನೆಲ್ ತೆರೆದರು, ಯಾರೊಡನೆಯೂ ಪಾಲು ಹಂಚಿಕೊಳ್ಳದೆ. ಪಾಲುಗಾರನಿಲ್ಲದಿದ್ದರೆ ಲಾಭವೆಲ್ಲ ನಮ್ಮದೇ ಎಂಬುದು ಎಣಿಕೆ. ಆದರೆ ಡೈರೆಕ್‌ಟಿವಿ ಎಂಬ ದೊಡ್ಡ ಉಪಗ್ರಹ ಸಂಸ್ಥೆಯೊಡನೆ ದರ ಕುದುರಲೇ ಇಲ್ಲ. ಎಷ್ಟೋ ಮನೆಗಳಿಗೆ ಆ ಚಾನೆಲ್ ಕೊನೆಯವರೆಗೂ ಬರಲಿಲ್ಲ. ಪಾಲುಗಾರನಿಲ್ಲದವನಿಗೆ ಪರವಾಗಿ ವಾದಿಸುವವನೂ ಇರಲಿಲ್ಲ.

೨೦೨೧ರ ಜುಲೈಯಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮ ಬಿಗ್ ಟ್ವೆಲ್ವನ್ನು ಬಿಟ್ಟು ಆಗ್ನೇಯದ ಎಸ್.ಇ.ಸಿ. ಕೂಟಕ್ಕೆ ಹೊರಟವು. ೨೦೨೨ರ ಜೂನ್ ೩೦ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾನಿಲಯಗಳು, ಯು.ಎಸ್.ಸಿ. ಮತ್ತು ಯು.ಸಿ.ಎಲ್.ಎ., ಬಿಗ್ ಟೆನ್ನಿಗೆ ಹೋಗುವೆವೆಂದವು. ಅದೇ ಆಗಸ್ಟಿನಲ್ಲಿ ಬಿಗ್ ಟೆನ್ ಮೂರು ಟೆಲಿವಿಷನ್ ಸಂಸ್ಥೆಗಳೊಡನೆ ಏಳು ವರ್ಷಕ್ಕೆ ೭೦೦ ಕೋಟಿ ಡಾಲರಿಗೂ ಮಿಕ್ಕ ಒಪ್ಪಂದ ಮಾಡಿಕೊಂಡಿತು. ಆಗ ಕೂಟದಲ್ಲಿ ಹದಿನಾರು ಪಾಲು. ವರ್ಷಕ್ಕೆ ಒಬ್ಬೊಬ್ಬರಿಗೆ ಎಷ್ಟು ಕೋಟಿಯಾಯಿತೆಂಬುದನ್ನು ಬಾಯಿಲೆಕ್ಕ ಬಲ್ಲವರು ಮಾಡಿಕೊಳ್ಳಬಹುದು. ನಾನು ಮಾಡಿದಾಗ ಆರು ಕೋಟಿ ಡಾಲರ್ ದಾಟಿತು.

ಇತ್ತ ಪ್ಯಾಕ್-ಟ್ವೆಲ್ವಿನಲ್ಲಿ ಉಳಿದವರು ಹೊಸ ಒಪ್ಪಂದಕ್ಕಾಗಿ ಒಂದು ವರ್ಷ ಕಾದರು. ೨೦೨೩ರ ಜುಲೈಯಲ್ಲಿ ಕೊಲರಾಡೊ ಎದ್ದು ಹೋಯಿತು. ಕೊನೆಗೆ ಮುಂದೆ ಬಂದದ್ದು ಆಪಲ್ ಸಂಸ್ಥೆ. ಅದು ಹೇಳಿದ ಮೂಲ ಮೊತ್ತ ಪಾಲೊಂದಕ್ಕೆ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಡಾಲರೆಂದು ಪತ್ರಿಕೆಗಳು ಬರೆದವು; ಚಂದಾದಾರರು ಹೆಚ್ಚಾದರೆ ಹಣವೂ ಹೆಚ್ಚು. ಆಗಸ್ಟ್ ೪ರ ಬೆಳಿಗ್ಗೆ ಒಂಬತ್ತು ಜನ ಸಹಿ ಹಾಕುವರೆಂದು ನಿರೀಕ್ಷೆಯಿತ್ತು. ಸಂಜೆಯೊಳಗೆ ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ನಿಗೂ, ಅರಿಜೋನ, ಅರಿಜೋನ ಸ್ಟೇಟ್, ಯೂಟ ಬಿಗ್ ಟ್ವೆಲ್ವಿಗೂ ಹೊರಟಿದ್ದವು. ಆರೆಗನ್ ಮತ್ತು ವಾಷಿಂಗ್ಟನ್ನಿಗೆ ಹೊಸ ಮನೆಯಲ್ಲಿ ಪೂರ್ತಿ ಪಾಲೂ ಇಲ್ಲ. ಮೊದಲ ವರ್ಷ ಮೂರು ಕೋಟಿಯ ಆಸುಪಾಸು. ಆದರೂ ಹೋದರು. ಸೆಪ್ಟೆಂಬರ್ ೧ರಂದು ಸ್ಟಾನ್‌ಫರ್ಡ್ ಮತ್ತು ಬರ್ಕ್ಲಿ ‘ಅಟ್ಲಾಂಟಿಕ್ ಕೋಸ್ಟ್’ ಕೂಟವನ್ನು ಸೇರಿದವು. ಪೆಸಿಫಿಕ್ ತೀರದಲ್ಲಿ ಕಾಲು ತೊಳೆಯುವವರು ಅಟ್ಲಾಂಟಿಕ್ ತೀರದ ಸದಸ್ಯರಾದರು! ಈಗ ಅಲ್ಲಿಯ ಗಣಿತ ಹೀಗಿದೆ: ‘ಬಿಗ್ ಟೆನ್’ ಎಂದರೆ ಹದಿನೆಂಟು, ‘ಬಿಗ್ ಟ್ವೆಲ್ವ್’ ಎಂದರೆ ಹದಿನಾರು, ‘ಪ್ಯಾಕ್-ಟ್ವೆಲ್ವ್’ ಎಂದರೆ, ೨೦೨೪ರ ಆಗಸ್ಟಿನ ಮಾತು ಹೇಳುವುದಾದರೆ, ಎರಡು. ಆ ಇಬ್ಬರು ಆರೆಗನ್ ಸ್ಟೇಟ್ ಮತ್ತು ನಮ್ಮ ಅಣ್ಣನ ವಾಷಿಂಗ್ಟನ್ ಸ್ಟೇಟ್.

ಅಣ್ಣ ಆ ಊರಿಗೆ ಕಾಲಿಟ್ಟದ್ದು ಸರಿಯಾಗಿ ಆ ದಿನಗಳಲ್ಲಿ. ಅವನಿಗೆ ಬಾಡಿಗೆಗೆ ಕೊಠಡಿ ಕೊಟ್ಟ ಮುದುಕರು ಐವತ್ತು ವರ್ಷದಿಂದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲವಂತೆ. ಅವರು ಅವನೊಡನೆ ಮಾಡಿದ ಮೊದಲ ಸಂಭಾಷಣೆಯೇ ಇದು: ‘ನಮ್ಮ ತಂಡ ಕೆಟ್ಟದ್ದೆಂದು ಬಿಟ್ಟುಹೋಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ನಮ್ಮ ಸುತ್ತ ಟೆಲಿವಿಷನ್ ಇರುವ ಮನೆಗಳು ಸಾಲವು ಎಂದರು. ಗೋಧಿಗೆ ಮನೆ ಎಲ್ಲಿಂದ ತರೋಣ?’ ಈ ಮಾತನ್ನು ಅಣ್ಣ ಹೇಳಿದಾಗ ನನಗೆ ನೋರಿನ್ ಗೋಧಿ ನೆನಪಾಯಿತು. ಕೋಟಿಗಟ್ಟಲೆ ಜನಕ್ಕೆ ಉಣಿಸಿದ ಬೀಜದ ತವರು ಟೆಲಿವಿಷನ್ ಲೆಕ್ಕದಲ್ಲಿ ಪಾಲಿಗೆ ಬಾರದ ಊರಾಯಿತು. ಆ ಊರಿನವರಿಗೆ ಇದು ಹೊಸತೂ ಅಲ್ಲ. ಹಳೆಯ ಪೆಸಿಫಿಕ್ ಕೋಸ್ಟ್ ಕೂಟ ೧೯೫೯ರಲ್ಲಿ ಒಡೆದು ಹೊಸದು ಕಟ್ಟಿದಾಗಲೂ ಪುಲ್ಮನ್ನಿನವರನ್ನು ಕೂಡಲೆ ಸೇರಿಸಿಕೊಂಡಿರಲಿಲ್ಲ. ೧೯೬೨ರವರೆಗೆ ಬಾಗಿಲಲ್ಲಿ ಕಾಯಬೇಕಾಯಿತು.

ಹೋದವರಾದರೂ ಸುಖಪಟ್ಟರೆ? ಲಾಸ್ ಏಂಜಲೀಸಿನಿಂದ ರಟ್ಗರ್ಸಿಗೆ ಸುಮಾರು ೩,೯೦೦ ಕಿಲೋಮೀಟರು, ಮೂರು ಗಂಟೆಯ ಹೊತ್ತಿನ ವ್ಯತ್ಯಾಸ. ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ, ಹೋದೀತು. ವಾಲಿಬಾಲ್ ಆಡುವ ಹುಡುಗಿಗೆ ವಾರದ ನಡುವೆಯೂ ಪಂದ್ಯಗಳಿರುತ್ತವೆ. ಅವಳ ಆಟವನ್ನು ಕೊಳ್ಳಲು ಯಾರೂ ಕೋಟಿ ಹಿಡಿದು ನಿಂತಿಲ್ಲ. ಆದರೆ ಫುಟ್‌ಬಾಲ್ ಹೋದ ಕಡೆಗೆ ಅವಳೂ ಹೋಗಬೇಕು, ವಿಮಾನದಲ್ಲಿ ಪಾಠ ಓದಬೇಕು. ಇನ್ನು ಯು.ಸಿ.ಎಲ್.ಎ. ಮತ್ತು ಬರ್ಕ್ಲಿ ಎರಡೂ ಒಂದೇ ಆಡಳಿತ ಮಂಡಲಿಯ ಕೆಳಗಿನ ಸರ್ಕಾರಿ ಸಂಸ್ಥೆಗಳು. ಒಂದು ಹೊರಟದ್ದರಿಂದ ಇನ್ನೊಂದಕ್ಕಾದ ನಷ್ಟಕ್ಕೆ ವರ್ಷಕ್ಕೆ ಒಂದು ಕೋಟಿ ಡಾಲರ್ ತೆರಬೇಕೆಂದು ಮಂಡಲಿ ೨೦೨೪ರಲ್ಲಿ ತೀರ್ಮಾನಿಸಿತು. ಮನೆ ಬಿಟ್ಟವನು ಮನೆಯಲ್ಲಿರುವವರಿಗೆ ಜೀವನಾಂಶ ಕೊಡುವುದನ್ನು ನಾವು ಕೋರ್ಟಿನ ಸುದ್ದಿಯಲ್ಲಿ ಓದಿದ್ದೆವು. ವಿಶ್ವವಿದ್ಯಾನಿಲಯಗಳಲ್ಲಿಯೂ ಅದು ಬಂದಿತು.

ಇನ್ನೊಂದು ಬಾಗಿಲಿನಿಂದ ಹೊರಟವರೂ ಹಿಂದೆ ಇದ್ದರೆಂಬುದನ್ನು ಹೇಳದಿದ್ದರೆ ತಪ್ಪಾದೀತು. ೧೮೯೬ರಲ್ಲಿ ಬಿಗ್ ಟೆನ್ನನ್ನು ಕಟ್ಟಿದ ಏಳರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯವೂ ಒಂದು. ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪಾರಿತೋಷಕ ಮೊದಲ ಸಲ, ೧೯೩೫ರಲ್ಲಿ, ಸಂದದ್ದು ಅಲ್ಲಿಯ ಹುಡುಗನಿಗೇ. ಅಂಥ ಕಡೆ ಅಧ್ಯಕ್ಷ ರಾಬರ್ಟ್ ಹಚಿನ್ಸ್ ೧೯೩೯ರಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ೧೯೪೬ರಲ್ಲಿ ಕೂಟದಿಂದಲೂ ಹೊರಬಂದರು. ಖಾಲಿ ಬಿದ್ದ ಆ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ೧೯೪೨ರ ಡಿಸೆಂಬರ್ ೨ರಂದು ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು ಪರಮಾಣುವಿನ ಸರಣಿಕ್ರಿಯೆಯನ್ನು ಮೊದಲ ಬಾರಿಗೆ ನಡೆಸಿ ತೋರಿಸಿದರು. ಆಟ ಬಿಟ್ಟರೆ ವಿಶ್ವವಿದ್ಯಾನಿಲಯ ಸಾಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಹಾಗೆಂದು ಆಟವನ್ನೇ ನಿಲ್ಲಿಸೋಣ ಎನ್ನುವ ಅಧ್ಯಾಪಕರಿಗೆ ನಾನು ಅಸ್ತ್ರ ಕೊಡುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬಾರದು.

ಈಗ ನನ್ನ ಕಥೆ. ೨೦೨೪ರ ಜುಲೈಯಲ್ಲಿ, ನಾವು ಎರಡನೆಯ ವರ್ಷಕ್ಕೆ ಬಂದಾಗ, ನಮ್ಮ ತಂಡದ ಮುಖ್ಯ ರೈಡರ್ ಕಾಲೇಜು ಬಿಟ್ಟ. ಅವನೂ ನಾನೂ ಒಂದೇ ಬೀದಿಯವರು. ಒಂದೇ ಗದ್ದೆಯಲ್ಲಿ ಉಸಿರು ಹಿಡಿಯುವುದನ್ನು ಕಲಿತವರು. ಜಿಲ್ಲಾ ಕೇಂದ್ರದ ಒಂದು ಖಾಸಗಿ ಕಾಲೇಜಿನವರು ಅವನ ಆಟ ನೋಡಿ ಕರೆದರು: ಫೀಜಿಲ್ಲ, ಹಾಸ್ಟೆಲಿನಲ್ಲಿ ಊಟ, ಮ್ಯಾಟಿನ ಮೇಲೆ ಅಭ್ಯಾಸ, ತರಬೇತುದಾರರು. ೨೦೧೪ರಲ್ಲಿ ಪ್ರೊ ಕಬಡ್ಡಿ ಟೆಲಿವಿಷನ್ನಿನಲ್ಲಿ ಶುರುವಾದಾಗಿನಿಂದ ನಮ್ಮಂಥ ಊರುಗಳ ಹುಡುಗರ ಕಣ್ಣಿನಲ್ಲಿ ಒಂದು ಕನಸು ಕೂತಿದೆ; ಅವನ ಕಣ್ಣಿನಲ್ಲಿಯೂ ಇತ್ತು. ಹೋಗುವ ಹಿಂದಿನ ಸಂಜೆ ಹೇಳಲು ಬಂದಾಗ ನಾನು, ‘ಊಟಕ್ಕೆ ಮಾರಿಕೊಂಡೆಯಾ?’ ಎಂದುಬಿಟ್ಟೆ. ಅವನು ಏನೂ ಹೇಳದೆ ಹೋದ. ನಮ್ಮ ತಂಡದಲ್ಲಿ ಆ ವರ್ಷ ಏಳು ಜನ ಕೂಡಿಸುವುದೇ ಕಷ್ಟವಾಯಿತು.

ಅಣ್ಣನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿ, ‘ನಿನ್ನ ಪುಲ್ಮನ್ನಿನ ಗತಿಯೇ ನಮ್ಮದಾಯಿತು. ಅವನೂ ಒಂದು ಆರೆಗನ್, ಒಂದು ವಾಷಿಂಗ್ಟನ್’ ಎಂದೆ. ನನ್ನ ಹೋಲಿಕೆಯನ್ನು ಮೆಚ್ಚುತ್ತಾನೆಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ನಿನ್ನನ್ನೂ ಕರೆದಿದ್ದರೆ ಹೋಗುತ್ತಿರಲಿಲ್ಲವೇನೋ?’

ನನ್ನಲ್ಲಿ ಉತ್ತರವಿರಲಿಲ್ಲ. ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯದಿದ್ದ ನೋವನ್ನು ನಿಷ್ಠೆಯೆಂದು ಹೆಸರಿಟ್ಟು ಹೊತ್ತು ತಿರುಗುತ್ತಿದ್ದೆ.

ಅಣ್ಣ ಮುಂದುವರಿಸಿದ: ‘ಇಲ್ಲಿಯವರನ್ನು ಬಿಗ್ ಟೆನ್ ಕರೆದಿದ್ದರೆ ಮಾರನೆಯ ದಿನವೇ ಮೂಟೆ ಕಟ್ಟುತ್ತಿದ್ದರು. ಲೋಭವೊಂದೇ ಕಾರಣ ಎಂದುಕೊಳ್ಳಬೇಡ. ನಾನು ಹೋಗದಿದ್ದರೆ ಪಕ್ಕದವನು ಹೋದಾನು, ಆಗ ಉಳಿಯುವವನು ನಾನೇ ಎಂಬ ಭಯ ದೊಡ್ಡದು. ಅದೇ ಭಯ ಎಲ್ಲರನ್ನೂ ಎಬ್ಬಿಸಿದ್ದು. ಮತ್ತೊಂದು ಮಾತು. ನಿನ್ನ ಗೆಳೆಯ ಹೊಟ್ಟೆಗಾಗಿ ಹೋದ. ಹುಡುಗ ಹೋಗುವುದೂ ವಿಶ್ವವಿದ್ಯಾನಿಲಯ ಹೋಗುವುದೂ ಒಂದೇ ತಕ್ಕಡಿಯದ್ದಲ್ಲ.’

ನಿಜ. ಇಷ್ಟು ಕೋಟಿಗಳು ಕೈ ಬದಲಿಸುವಾಗ, ಮೈದಾನದಲ್ಲಿ ಮೂಳೆ ಮುರಿದುಕೊಳ್ಳುವ ಹುಡುಗರಿಗೆ ಬಹುಕಾಲ ವಿದ್ಯಾರ್ಥಿವೇತನ ಬಿಟ್ಟರೆ ಕಾಸು ಸಿಗುತ್ತಿರಲಿಲ್ಲ. ೨೦೨೧ರ ಜೂನಿನಲ್ಲಿ ಪರಮೋಚ್ಚ ನ್ಯಾಯಾಲಯ ಅವರ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. ಅದೇ ಜುಲೈಯಿಂದ ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಅವರಿಗೆ ಬಿಡುವಾಯಿತು. ೨೦೨೫ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಹಳೆಯ ಬಾಕಿಗೆಂದು ೨೮೦ ಕೋಟಿ ಡಾಲರ್. ಮತ್ತು ಆ ಸಾಲಿನಿಂದ ಒಂದೊಂದು ವಿಶ್ವವಿದ್ಯಾನಿಲಯವೂ ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂದಾಯಿತು; ಮೊದಲ ವರ್ಷದ ಮಿತಿ ಎರಡು ಕೋಟಿ ಐದು ಲಕ್ಷ ಡಾಲರ್. ಇದು ನ್ಯಾಯ. ಆದರೆ ಕೊಡಬೇಕಾದ ಹಣ ಎಲ್ಲಿಂದ ಬರಬೇಕು? ಮತ್ತೆ ಟೆಲಿವಿಷನ್ನಿನಿಂದಲೇ. ನ್ಯಾಯವೂ ಹಸಿವನ್ನು ಕಡಿಮೆ ಮಾಡಲಿಲ್ಲ.

ಉಳಿದ ಆ ಇಬ್ಬರೂ ಕೊನೆಗೆ ಏನು ಮಾಡಿದರೆಂದು ಕೇಳಿ. ಕೂಟದ ಹೆಸರನ್ನೂ ಹಣವನ್ನೂ ನ್ಯಾಯಾಲಯದಲ್ಲಿ ಹೋರಾಡಿ ಉಳಿಸಿಕೊಂಡರು. ಬಳಿಕ ೨೦೨೪ರ ಸೆಪ್ಟೆಂಬರ್ ೧೨ರಂದು ‘ಮೌಂಟನ್ ವೆಸ್ಟ್’ ಎಂಬ ನೆರೆಯ ಕೂಟದ ನಾಲ್ವರನ್ನು ೨೦೨೬ರಿಂದ ತಮ್ಮಲ್ಲಿಗೆ ಬರುವಂತೆ ಒಲಿಸಿಕೊಂಡರು; ಆ ತಿಂಗಳೊಳಗೆ ಐದನೆಯವನೂ ಹೊರಟ. ಬಿಟ್ಟುಹೋದವರನ್ನು ಶಪಿಸಿದವರೇ ಇನ್ನೊಬ್ಬರ ಮನೆಯನ್ನು ಒಡೆದರು. ‘ಬೇರೆ ದಾರಿ ಇರಲಿಲ್ಲ’ ಎಂದರು ಆ ಮುದುಕರು, ಆದರೆ ತಲೆ ತಗ್ಗಿಸಿಕೊಂಡು ಹೇಳಿದರಂತೆ. ಎಲ್ಲರೂ ಹೇಳಿದ್ದು ಅದೇ ಮಾತು ತಾನೆ.

ಅದಾದ ಎರಡನೆಯ ದಿನ ನಡೆದದ್ದೇ ನನ್ನ ಮನಸ್ಸನ್ನು ತಿರುಗಿಸಿದ್ದು. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ಒಂದೇ ಸಂಸ್ಥಾನದ ಎರಡು ತುದಿಯವರು. ಅವರ ನಡುವಣ ಪಂದ್ಯ ೧೯೦೦ರಷ್ಟು ಹಳೆಯದು. ‘ಆಪಲ್ ಕಪ್’ ಎಂದು ಅದರ ಹೆಸರು. ೨೦೨೩ರ ನವೆಂಬರಿನಲ್ಲಿ, ಒಂದೇ ಕೂಟದವರಾಗಿ ಆಡಿದ ಕೊನೆಯ ಪಂದ್ಯದಲ್ಲಿ, ವಾಷಿಂಗ್ಟನ್ನಿನವರು ಕಟ್ಟಕಡೆಯ ಕ್ಷಣದಲ್ಲಿ ೨೪-೨೧ರಿಂದ ಗೆದ್ದರು. ಕೂಟ ಬೇರೆಯಾದ ಮೇಲೆ ಈ ಪಂದ್ಯವನ್ನು ಆಡಲೇಬೇಕೆಂಬ ನಿಯಮವಿಲ್ಲ. ಆದರೂ ಇಬ್ಬರೂ ಕುಳಿತು ಮಾತಾಡಿ ಇನ್ನೂ ಐದು ವರ್ಷ ಆಡುವುದೆಂದು ಬರೆದುಕೊಂಡರು. ೨೦೨೪ರ ಸೆಪ್ಟೆಂಬರ್ ೧೪ರಂದು ಸಿಯಾಟಲ್ ನಗರದಲ್ಲಿ ಪಂದ್ಯ. ನಮಗೆ ಅದು ಭಾನುವಾರದ ನಡುರಾತ್ರಿ ಕಳೆದ ಹೊತ್ತು. ಅಣ್ಣ ಫೋನನ್ನು ಟೆಲಿವಿಷನ್ನಿನ ಎದುರಿಗೆ ಹಿಡಿದಿದ್ದ. ನಾನು ಹೊದಿಕೆಯೊಳಗೆ ಕೂತು ನೋಡಿದೆ. ಕೊನೆಯ ಹೊತ್ತಿನಲ್ಲಿ ವಾಷಿಂಗ್ಟನ್ನಿನವರು ಗೆರೆಯ ಅಂಚಿಗೆ ಬಂದಿದ್ದರು. ಪುಲ್ಮನ್ನಿನ ಹುಡುಗರು ಅಲ್ಲಿಯೇ ಹಿಡಿದು ಕೆಡವಿದರು. ೨೪-೧೯. ಬಿಟ್ಟುಹೋಗಲ್ಪಟ್ಟವರು ಗೆದ್ದರು! ಫೋನಿನಲ್ಲಿ ಆ ಮುದುಕರ ಕೂಗು ಕೇಳಿ ನಮ್ಮ ಮನೆಯ ನಾಯಿ ಬೊಗಳಿತು. ಅಮ್ಮ ಎದ್ದು ದೀಪ ಹಾಕಿದಳು.

ಮರುವರ್ಷ, ೨೦೨೫ರಲ್ಲಿ, ಪುಲ್ಮನ್ನಿನಲ್ಲೇ ವಾಷಿಂಗ್ಟನ್ನಿನವರು ೫೯-೨೪ರಿಂದ ಬಡಿದರೆಂಬುದನ್ನೂ ಮುಚ್ಚಿಡಬಾರದು. ಆದರೆ ಆ ರಾತ್ರಿ ನನಗೆ ಹೊಳೆದದ್ದು ಗೆಲುವಿನ ಮಾತಲ್ಲ. ಹಣ ಅಲ್ಲಿ ಆಟವನ್ನು ಕೊಂದಿಲ್ಲ. ಆಟ ಹಿಂದಿಗಿಂತ ಜೋರಾಗಿಯೇ ನಡೆದಿದೆ. ಹಣ ಕಿತ್ತುಕೊಂಡದ್ದು ನೆರೆಯವನನ್ನು. ವರ್ಷವಿಡೀ ಯಾರನ್ನು ಗೇಲಿ ಮಾಡುತ್ತೇವೋ, ಯಾರೆದುರು ಸೋತರೆ ಮೂರು ದಿನ ಊಟ ಸೇರುವುದಿಲ್ಲವೋ, ಆ ಎದುರಾಳಿಯನ್ನು ಹಿಂದೆ ನಕಾಶೆ ಪುಕ್ಕಟೆಯಾಗಿ ಕೊಟ್ಟಿತ್ತು. ಈಗ ಅವನನ್ನು ಪ್ರಯತ್ನಪಟ್ಟು, ದಿನ ಗೊತ್ತುಮಾಡಿ, ಕಾಗದದಲ್ಲಿ ಬರೆದು ಉಳಿಸಿಕೊಳ್ಳಬೇಕು.

ಬೆಳಗಾದ ಮೇಲೆ ಗೆಳೆಯನಿಗೆ ಫೋನು ಮಾಡಿದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ‘ನಿಮ್ಮ ಕಾಲೇಜಿನವರು ನಮ್ಮ ಮಣ್ಣಿನ ಅಂಕಣಕ್ಕೆ ಬಂದು ಆಡುತ್ತಾರಾ, ಕೇಳು’ ಎಂದೆ. ಅವನು, ‘ಮಂಡಿಗೆ ಏನಾದರೂ ಕಟ್ಟಿಕೊಂಡು ಬರಬೇಕಾ?’ ಎಂದು ನಕ್ಕ. ನಮ್ಮ ವ್ಯಾಯಾಮ ಅಧ್ಯಾಪಕರು ಪತ್ರ ಬರೆದರು. ಪ್ರಿನ್ಸಿಪಾಲರು ಸಹಿ ಮಾಡಿದರು. ೨೦೨೫ರ ಜನವರಿಯಲ್ಲಿ ಪಂದ್ಯವಾಯಿತು. ಟಿಕೆಟಿಲ್ಲ, ಟೆಲಿವಿಷನ್ನಿಲ್ಲ, ನೋಡಲು ಬಂದವರು ನಮ್ಮ ಕಾಲೇಜಿನ ಹುಡುಗರು, ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರು, ನಮ್ಮ ಬೀದಿಯ ಹೆಂಗಸರು. ನಾವು ಸೋತೆವು. ಮೊದಲ ರೈಡಿನಲ್ಲೇ ಅವನು ನನ್ನನ್ನು ಮುಟ್ಟಿ ಔಟು ಮಾಡಿ ಹೋದ. ಅಂಕಣದ ಹೊರಗೆ ಕುಳಿತು ಅವನ ಆಟ ನೋಡಿದಾಗ, ಆರು ತಿಂಗಳ ತರಬೇತಿ ಅವನಿಗೆ ಏನು ಕೊಟ್ಟಿದೆಯೆಂಬುದು ಕಂಡಿತು. ಅದನ್ನು ನಾವು ಕೊಡಲಾರದವರಾಗಿದ್ದೆವು. ಆಟ ಮುಗಿದ ಮೇಲೆ, ಆ ಸಂಜೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ‘ಅದನ್ನು ಇನ್ನೂ ಇಟ್ಟುಕೊಂಡಿದ್ದೀಯಾ?’ ಎಂದ.

ಈ ವರ್ಷವೂ ಪಂದ್ಯ ನಡೆಯಿತು. ಈ ಸಲವೂ ನಾವು ಸೋತೆವು, ಆದರೆ ಎರಡೇ ಅಂಕಗಳಿಂದ. ನಾನು ಈಗ ಅಂತಿಮ ವರ್ಷದವನು. ಮುಂದಿನ ಜನವರಿಗೆ ಇಲ್ಲಿರುವುದಿಲ್ಲ. ಮುಂದಿನ ಪಂದ್ಯದ ದಿನವನ್ನು ನಮ್ಮ ವ್ಯಾಯಾಮ ಅಧ್ಯಾಪಕರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಕಿರಿಯ ಮಿತ್ರರಲ್ಲಿ ನನ್ನದೊಂದು ಕೋರಿಕೆ: ಆ ದಿನ ಬಂದಾಗ ಅವರಿಗೆ ನೆನಪು ಮಾಡಿ. ಅಂಕಣದ ಕಲ್ಲನ್ನು ಆರಿಸಿ, ನೀರು ಚಿಮುಕಿಸಿ, ಗೆರೆ ಎಳೆದು ಸಿದ್ಧವಾಗಿಡಿ. ಅವರು ಬರುತ್ತಾರೆ.